ಗೊತ್ತಿಲ್ಲದವರ ಕೈ

ಬಲಗೈ ಎತ್ತಿದರೆ ಉತ್ತರ ಗೊತ್ತು ಎಂದರ್ಥ. ಎಡಗೈ ಎತ್ತಿದರೆ ಗೊತ್ತಿಲ್ಲ ಎಂದರ್ಥ. ಆದರೆ ಕೈಯನ್ನು ಮಾತ್ರ ಎಲ್ಲರೂ ಎತ್ತಲೇಬೇಕು. ಇದೇನೂ ನಮ್ಮ ಲ್ಯೂತುನ್ ಶಾಲೆಯಲ್ಲಿ ಹುಟ್ಟಿದ ಉಪಾಯವಲ್ಲ. ನಾನು ಓದುವಾಗಲೂ ಇತ್ತು, ನನಗೆ ಕಲಿಸಿದವರು ಓದುವಾಗಲೂ ಇದ್ದಿರಬೇಕು. ಹೊರಗಿನವರು ಬಂದು ತರಗತಿಯ ಹಿಂದೆ ಸಾಲಾಗಿ ಕೂತು ಪಾಠ ನೋಡುವುದಕ್ಕೆ ನಮ್ಮ ಚೀನಾದಲ್ಲಿ ‘ತೆರೆದ ಪಾಠ’ ಎನ್ನುತ್ತಾರೆ. ಅವತ್ತು ತೆರೆದಿರುವುದು ಬಾಗಿಲು ಮಾತ್ರ, ಮಿಕ್ಕಿದ್ದೆಲ್ಲ ಮುಚ್ಚಿಟ್ಟದ್ದೇ. ಟೀಚರ್ ಪ್ರಶ್ನೆ ಕೇಳಿದ ಕೂಡಲೇ ಐವತ್ತಾರು ಮಕ್ಕಳೂ ಮೊಣಕೈಯನ್ನು ಡೆಸ್ಕಿಗೆ ಊರಿ ಕೈ ಎತ್ತುತ್ತಾರೆ. ಬಂದವರು ತಲೆದೂಗುತ್ತಾರೆ. ಟೀಚರ್ ಬಲಗೈಯವರಲ್ಲೇ ಒಬ್ಬರನ್ನು ಎಬ್ಬಿಸುತ್ತಾಳೆ. ಎಲ್ಲರ ಮಾನವೂ ಉಳಿಯುತ್ತದೆ.

ನಾನು ಚ್ಯಾವ್ ರುನ್‌ಲ್ಯೆನ್, ಆ ಶಾಲೆಯ ಇಂಗ್ಲಿಷ್ ಟೀಚರ್. ಟೀಚರ್ ಎಂದರೆ ಊರಿನವರು ನೇಮಿಸಿಕೊಂಡವಳು, ಸರ್ಕಾರದ ಪಟ್ಟಿಯಲ್ಲಿ ಹೆಸರಿಲ್ಲದವಳು. ಹಾಗೆಯೇ ಹದಿಮೂರು ವರ್ಷ ಸೀಮೆಸುಣ್ಣ ಸವೆಸಿದ್ದೆ. ತೊಂಬತ್ತೆಂಟರ ವಸಂತದಲ್ಲಿ ಜಿಲ್ಲೆಯಿಂದ ಒಂದು ಕಾಗದ ಬಂತು. ನನ್ನಂಥವರನ್ನು ಖಾಯಂ ಮಾಡುವ ಪಟ್ಟಿ ಈ ವರ್ಷದ್ದೇ ಕೊನೆ, ತೆರೆದ ಪಾಠದಲ್ಲಿ ಗೆದ್ದವರು ಒಳಗೆ, ಸೋತವರಿಗೆ ಧನ್ಯವಾದ ಹೇಳಿ, ‘ಗೌರವಾನ್ವಿತ ಶಿಕ್ಷಕಿ’ ಎಂದು ಕೆಂಪಕ್ಷರದಲ್ಲಿ ಬರೆದ ಒಂದು ಬೋಗುಣಿ ಕೊಟ್ಟು ಮನೆಗೆ ಕಳಿಸುವುದು. ನನ್ನ ಗಂಡ ಗ್ವೋಶುನ್ ವಿನೆಗರ್ ಭಟ್ಟಿಯಲ್ಲಿ ಕೆಲಸ ಮಾಡುವವನು. ಅವನ ಮೈಯ ಹಾಗೆ ಮಾತೂ ಯಾವಾಗಲೂ ಹುಳಿ. “ಬೋಗುಣಿ ಕೊಟ್ರೆ ಬೇಡ ಅನ್ಬೇಡ ಕಣೆ, ನಮ್ದು ತೂತಾಗಿದೆ” ಎಂದ. ನನಗೆ ನಗು ಬರಲಿಲ್ಲ. ಕಪ್ಪು ಹಲಗೆಯ ಮುಂದೆ ನಿಲ್ಲುವುದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ. ಅದನ್ನೂ ಕಿತ್ತುಕೊಂಡರೆ ಮೂವತ್ತಾರನೇ ವಯಸ್ಸಿನಲ್ಲಿ ನಾನು ಯಾರು ಎಂದು ನನಗೇ ತಿಳಿಯುತ್ತಿರಲಿಲ್ಲ.

ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದರೆ ಅದು ಬೇರೆ ಮಾತು. ಹದಿಮೂರು ವರ್ಷದ ಕೆಳಗೆ ಹೆಡ್‌ಮಾಸ್ಟರ್ ಪಾಂಗ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಗಂಟಲು ದೊಡ್ಡದು, ನೀವು ಇಂಗ್ಲಿಷ್ ತಗೊಳ್ಳಿ ಎಂದಿದ್ದರು. ತಗೊಂಡೆ. ಒಂದು ಟೇಪ್‌ರೆಕಾರ್ಡರು, ಒಂದು ಕ್ಯಾಸೆಟ್ಟು, ಮಕ್ಕಳಿಗಿಂತ ಎರಡು ಪಾಠ ಮುಂದೆ ನಾನು. ಕ್ಯಾಸೆಟ್ಟಿನೊಳಗೆ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಟೇಪು ಸವೆದ ಕಡೆ ಅವಳು ನೀರಿನಲ್ಲಿ ಮುಳುಗಿದವಳ ಹಾಗೆ ಗೊಳಗೊಳ ಎನ್ನುತ್ತಿದ್ದಳು. ನಾನೂ ಆ ಜಾಗ ಬಂದಾಗ ಗೊಳಗೊಳ ಎನ್ನುತ್ತಿದ್ದೆ, ಮಕ್ಕಳೂ ಎನ್ನುತ್ತಿದ್ದರು. ಪರೀಕ್ಷೆ ಬರವಣಿಗೆಯದ್ದಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಇಂಗ್ಲಿಷನ್ನು ಮನೆಮಾತಾಗಿ ಆಡುವ ಮನುಷ್ಯರನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ.

ತೆರೆದ ಪಾಠಕ್ಕೆ ನಾನು ಆರಿಸಿಕೊಂಡದ್ದು ಮೊದಲ ಪಾಠವನ್ನೇ, ಇಂಗ್ಲಿಷ್ ವಾಕ್ಯ ಕಟ್ಟುವುದು. ಅದೊಂದೇ ನನಗೆ ಧೈರ್ಯವಾಗಿ ಬರುತ್ತಿದ್ದದ್ದು. ರಟ್ಟಿನಲ್ಲಿ ಮೂರು ಟೊಪ್ಪಿಗೆ ಮಾಡಿದೆ. ಕೆಂಪು ಟೊಪ್ಪಿಗೆ ವಾಕ್ಯದಲ್ಲಿ ಕೆಲಸ ಮಾಡುವವನಿಗೆ, ಹಳದಿಯದು ಅವನು ಮಾಡುವ ಕೆಲಸಕ್ಕೆ, ನೀಲಿಯದು ಆ ಕೆಲಸಕ್ಕೆ ಸಿಕ್ಕಿಕೊಂಡ ಪಾಪದ ವಸ್ತುವಿಗೆ. ಮೂವರು ಮಕ್ಕಳು ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ನಿಂತರೆ ಒಂದು ವಾಕ್ಯ. ಬೆಕ್ಕು, ತಿನ್ನು, ಮೀನು. ಇಷ್ಟರ ಮಟ್ಟಿಗೆ ನಮ್ಮ ಚೀನೀ ಮಾತೂ ಇಂಗ್ಲಿಷೂ ಅಕ್ಕತಂಗಿಯರೇ, ಸಾಲು ಒಂದೇ. ಜಗಳ ಶುರುವಾಗುವುದು ಮುಂದೆ. ನಮ್ಮಲ್ಲಿ ತಿನ್ನುವುದೆಂದರೆ ತಿನ್ನುವುದು. ನಾನು ತಿಂದರೂ, ಬೆಕ್ಕು ತಿಂದರೂ, ನಿನ್ನೆ ತಿಂದರೂ, ನಾಳೆ ತಿಂದರೂ ಆ ಪದ ಕೂತ ಕಡೆಯಿಂದ ಅಲುಗುವುದಿಲ್ಲ. ಇಂಗ್ಲಿಷಿನವರಿಗೆ ಅಷ್ಟು ನೆಮ್ಮದಿ ಇಲ್ಲ. ಬೆಕ್ಕು ತಿಂದರೆ ‘ಈಟ್’ ಎಂಬುದಕ್ಕೆ ಹಿಂದೆ ಒಂದು ‘ಸ್’ ಅಂಟಿಸಬೇಕು, ‘ಈಟ್ಸ್’ ಎನ್ನಬೇಕು. ಎರಡು ಬೆಕ್ಕು ತಿಂದರೆ ಕಿತ್ತು ಹಾಕಬೇಕು. ಈ ‘ಸ್’ಗೆ ನಾನು ಪರದೆಯ ಹಗ್ಗದಿಂದ ಒಂದು ಬಾಲ ಮಾಡಿದೆ. ಮಾಡುವವನು ನಾನೂ ಅಲ್ಲದೆ, ನೀನೂ ಅಲ್ಲದೆ, ಒಬ್ಬನೇ ಮೂರನೆಯವನಾದರೆ ಹಳದಿ ಟೊಪ್ಪಿಗೆಯವನ ಚಡ್ಡಿಗೆ ಬಾಲ ಸಿಕ್ಕಿಸುವುದು. ಮಕ್ಕಳು ಬಿದ್ದು ಬಿದ್ದು ನಕ್ಕರು. ಯಾಕೆ ಹಾಗೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಆರು ಸಲ ಅಭ್ಯಾಸ ಮಾಡಿಸಿದೆ. ಬಲಗೈ ಗೊತ್ತು, ಎಡಗೈ ಗೊತ್ತಿಲ್ಲ. ಹಿಂದಿನಿಂದ ಎರಡನೇ ಸಾಲಿನಲ್ಲಿ ಯಿನ್‌ಹ್ವಾ ಎಂಬ ಹುಡುಗಿ ಕೂರುತ್ತಿದ್ದಳು, ತೋಫು ಮಾಡುವ ಹೌ ಅವರ ಮಗಳು. ಆರು ಅಭ್ಯಾಸದಲ್ಲೂ, ಪ್ರತಿ ಪ್ರಶ್ನೆಗೂ, ಅವಳು ನಿಯತ್ತಾಗಿ ಎಡಗೈ ಎತ್ತಿದ್ದಳು. ನನಗೆ ಅವಳ ಮೇಲೆ ಒಂದು ಥರದ ಮಮತೆಯೇ ಬಂದಿತ್ತು. ಇಷ್ಟು ಪ್ರಾಮಾಣಿಕವಾಗಿ ಗೊತ್ತಿಲ್ಲದವರು ಸಿಗುವುದು ಅಪರೂಪ.

ಪಾಠದ ಹಿಂದಿನ ಸಂಜೆ ನಾನು ನೂಡಲ್ಸಿಗೆ ಹಿಟ್ಟು ನಾದುತ್ತಿದ್ದಾಗ ಹೆಡ್‌ಮಾಸ್ಟರ್ ಪಾಂಗ್ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದರು. ಅವರು ಒಳ್ಳೆಯ ಮನುಷ್ಯ, ಆದರೆ ಸುದ್ದಿ ಕೇಳಿದರೆ ಜೀರ್ಣವಾಗುವುದಿಲ್ಲ. ಜಿಲ್ಲೆಯಿಂದ ಪಾಠ ನೋಡಲು ಬರುವವರು ರೆನ್ ಮೇಡಂ ಅಂತೆ. ರೆನ್ ಮೇಡಂ ಎಂದರೆ ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವರು, ತಮ್ಮ ಕಾಲದಲ್ಲಿ ತೆರೆದ ಪಾಠಕ್ಕೆ ಬಹುಮಾನದ ಮೇಲೆ ಬಹುಮಾನ ಹೊಡೆದವರು. ಕೈಗಳ ಗುಟ್ಟು ಅವರಿಗೆ ನೀರು ಕುಡಿದಷ್ಟು ಸಲೀಸು. ಹೋದ ವಾರ ಪಕ್ಕದ ಊರಲ್ಲಿ ಪಾಠ ಅರ್ಧವಾದಾಗ ಹಿಂದಿನಿಂದ ಎದ್ದು, ಎಡಗೈ ಎತ್ತಿದ ಮಕ್ಕಳನ್ನು ಕೇಳೋಣ ಎಂದರಂತೆ. ಆ ಟೀಚರ್ ಈಗ ಸಂತೆಯಲ್ಲಿ ಬಟ್ಟೆ ಚಪ್ಪಲಿ ಮಾರುತ್ತಿದ್ದಾಳಂತೆ. ಒಂದೇ ವಾರದಲ್ಲಿ ಚಪ್ಪಲಿ ಅಂಗಡಿ ಹೇಗೆ ಇಟ್ಟಳು ಎಂದು ನಾನು ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿರಲಿಲ್ಲ.

“ಅದಕ್ಕೇ ತಿರುಗಿಸಿಬಿಡೋಣ” ಎಂದರು ಪಾಂಗ್. “ನಾಳೆಗೆ ಎಡಗೈ ಗೊತ್ತು, ಬಲಗೈ ಗೊತ್ತಿಲ್ಲ. ಆಯಮ್ಮ ಎಡಗೈಯವರನ್ನ ಎಬ್ಸಿದ್ರೆ ಪಟಪಟ ಅಂತ ಉತ್ತರ ಬರ್ಬೇಕು, ಆಯಮ್ಮನೇ ದಂಗಾಗ್ಬೇಕು.”

ಗ್ವೋಶುನ್ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ, ಎರಡೂ ಕೈ ಕಟ್ಟಿ ಹಾಕಿದರೆ ಒಳ್ಳೆಯದಲ್ಲವೇ ಎಂದ.

ಬೆಳಗ್ಗೆ ಬಾವುಟದ ಕಂಬದ ಕೆಳಗೆ ಮಕ್ಕಳನ್ನು ನಿಲ್ಲಿಸಿ ಹೊಸ ಕಾನೂನು ಹೇಳಿದೆ. ಆರು ಸಲ ಕಲಿತದ್ದನ್ನು ಅರ್ಧ ಗಂಟೆಯಲ್ಲಿ ಮರೆಸುವುದು ಸುಲಭವಲ್ಲ. ಮೇಲಾಗಿ, ನಾನು ಅವರಿಗೆ ಎದುರಾಗಿ ನಿಂತು ನನ್ನ ಎಡಗೈ ಎತ್ತಿ ಈ ಕೈ ಎಂದಾಗ, ಮುಂದಿನವರು ಕನ್ನಡಿಯ ಹಾಗೆ ತಮ್ಮ ಬಲಗೈ ಎತ್ತಿದರು. ಅಲ್ಲ, ಆ ಕೈ ಎಂದೆ. ಕೈ ಬದಲಿಸಿದರು. ಸರಿಯಾಗಿ ಎತ್ತಿದ್ದವರೂ ಬದಲಿಸಿದರು. ಕೊನೆಗೆ ನಾನು ಅವರಿಗೆ ಬೆನ್ನು ತಿರುಗಿಸಿ ಕೈ ಎತ್ತಿದೆ. ಆಗ ಯಾರು ಯಾವ ಕೈ ಎತ್ತಿದರೋ ನನಗೆ ಕಾಣಿಸಲಿಲ್ಲ, ಸರಿಯಾಗಿಯೇ ಇರಬಹುದೆಂದು ಸಮಾಧಾನ ಮಾಡಿಕೊಂಡೆ.

ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಊರ ಕಚೇರಿಗೆ ಫೋನು ಬಂತು. ರೆನ್ ಮೇಡಂ ಕಾಲು ಉಳುಕಿದೆಯಂತೆ, ಬರುವುದಿಲ್ಲವಂತೆ. ಬದಲಿಗೆ ಸಿಬ್ಬಂದಿ ವಿಭಾಗದ ಯಾರೋ ಅಧಿಕಾರಿ ಬರುತ್ತಾರಂತೆ. ಪಾಂಗ್ ಮುಖ ಅರಳಿತು, ಮರುಕ್ಷಣವೇ ಬಾಡಿತು. ಆ ಅಧಿಕಾರಿಗೆ ಕೈ ಗುಟ್ಟು ಗೊತ್ತಿಲ್ಲ. ಗೊತ್ತಿಲ್ಲದವನ ಕಣ್ಣಿಗೆ ಉತ್ತರ ಹೇಳುವ ಮಕ್ಕಳೆಲ್ಲ ಎಡಗೈ ಎತ್ತಿದರೆ, ಇದೆಂಥ ರೋಗ ಹಿಡಿದ ಶಾಲೆ ಎನಿಸದೇ ಇರುತ್ತದೆಯೇ? ಮತ್ತೆ ಬಲಗೈಗೆ ತಿರುಗಿಸಬೇಕು ಎಂದರು. ನಾನು ಆಫೀಸಿನಲ್ಲಿ ಕೂತು ಬಾಲಕ್ಕೆ ಪಿನ್ನು ಹೊಲಿಯುತ್ತಿದ್ದೆ, ಎರಡು ಸಲ ಬೆರಳಿಗೇ ಚುಚ್ಚಿಕೊಂಡಿದ್ದೆ. ನೀವು ಕೂತಿರಿ, ನಾನೇ ಹೋಗಿ ಹೇಳಿ ಬರ್ತೀನಿ ಎಂದು ಅವರು ತರಗತಿಗೆ ಓಡಿದರು.

ಅಷ್ಟರಲ್ಲಿ ವ್ಯಾನು ಬಂತು. ಬೇರೆ ಶಾಲೆಗಳ ಇಂಗ್ಲಿಷ್ ಮೇಷ್ಟ್ರುಗಳು ಮೂವತ್ತು ಜನ, ಒಬ್ಬರ ಮೇಲೊಬ್ಬರು ಕೂತು ಬಂದವರು, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ಇಳಿದರು. ಕೊನೆಗೆ ಒಂದು ಊರುಗೋಲು ಇಳಿಯಿತು, ಅದರ ಹಿಂದೆ ರೆನ್ ಮೇಡಂ ಇಳಿದರು. ಬೆಳ್ಳಗಿನ ಕ್ರಾಪು, ಕೊರಳಿಗೆ ದಾರದಲ್ಲಿ ನೇತಾಡುವ ಕನ್ನಡಕ. ಸಿಬ್ಬಂದಿ ವಿಭಾಗದವರ ಪತ್ತೆಯೇ ಇಲ್ಲ. ಪಾಂಗ್ ತರಗತಿಯಿಂದ ಹೊರಬಂದು ಅಂಗಳದ ಆ ಕಡೆಯಿಂದ ನನ್ನನ್ನು ನೋಡಿದರು. ನಾನು ಈ ಕಡೆಯಿಂದ ಅವರನ್ನು ನೋಡಿದೆ. ನಡುವೆ ಮೂವತ್ತೊಂದು ಜನ. ಅವರು ಹುಬ್ಬು ಎತ್ತಿದರು. ಹೇಳಿದ್ದಾಯಿತು ಎಂದೋ, ಮತ್ತೆ ತಿರುಗಿಸು ಎಂದೋ ನನಗೆ ಅರ್ಥವಾಗಲಿಲ್ಲ. ಗಂಟೆ ಹೊಡೆಯಿತು.

ತರಗತಿಯೊಳಗೆ ಕಾಲಿಟ್ಟಾಗ ನನ್ನ ತಲೆಯಲ್ಲಿ ಇಂಗ್ಲಿಷ್ ಎಂಬುದೇ ಇರಲಿಲ್ಲ, ಬರೀ ಕೈಗಳಿದ್ದವು. ಪಾಂಗ್ ಬಲಗೈ ಎಂದಿರಬೇಕು. ಆದರೆ ಬಂದಿರುವುದು ರೆನ್ ಮೇಡಂ, ಹಾಗಾದರೆ ಎಡಗೈ ಆಗಬೇಕು. ಅಥವಾ ಪಾಂಗ್ ವ್ಯಾನು ನೋಡಿಯೇ ಎಡಗೈ ಎಂದು ತಿದ್ದಿ ಬಂದಿದ್ದರೆ? ನಾನು ತಿದ್ದಲು ಹೋದರೆ ಬಲಗೈ ಆಗುತ್ತದೆಯಲ್ಲ? ಹಿಂದಿನ ಬೆಂಚುಗಳಲ್ಲಿ ಮೇಷ್ಟ್ರುಗಳು ಕೂರುತ್ತಿದ್ದಾಗ ನಾನು ಮಕ್ಕಳನ್ನು ದುರುಗುಟ್ಟಿ ನೋಡಿ ನನ್ನ ಎಡ ಭುಜವನ್ನು ಎರಡು ಸಲ ತಟ್ಟಿಕೊಂಡೆ. ಕೆಲವರು ತಲೆಯಾಡಿಸಿದರು. ಕೆಲವರು ಪಕ್ಕದವರ ಮುಖ ನೋಡಿದರು. ತರಗತಿಯ ಮಾನಿಟರು, ಬುದ್ಧಿವಂತ ಹುಡುಗಿ, ಎದ್ದು ಬಂದು ನನ್ನ ಭುಜದ ಮೇಲಿನ ಸೀಮೆಸುಣ್ಣದ ಪುಡಿಯನ್ನು ಒರೆಸಿ ಹೋದಳು.

ಮೊದಲ ಇಪ್ಪತ್ತು ನಿಮಿಷ ಎಣ್ಣೆ ಹಾಕಿದ ಚಕ್ರದ ಹಾಗೆ ಹೋಯಿತು. ಟೊಪ್ಪಿಗೆಗಳು ಸಾಲು ನಿಂತವು. ‘ದ ಕ್ಯಾಟ್ ಈಟ್ಸ್ ಫಿಶ್’ ಎಂದು ತರಗತಿ ಒಂದೇ ಗಂಟಲಲ್ಲಿ ಕೂಗಿತು. ಬಾಲ ಸಿಕ್ಕಿಸಿದಾಗ ಬಂದ ಮೇಷ್ಟ್ರುಗಳೂ ನಕ್ಕರು. ಪ್ರಶ್ನೆ ಕೇಳಿದಾಗ ನಾನು ಕೈಗಳ ಕಡೆ ನೋಡುವ ಗೋಜಿಗೇ ಹೋಗದೆ ಮಾನಿಟರನ್ನು ಎಬ್ಬಿಸಿದೆ, ಆಮೇಲೆ ಅವಳ ಪಕ್ಕದವಳನ್ನು, ಆಮೇಲೆ ಮತ್ತೆ ಮಾನಿಟರನ್ನು. ಇದೇ ಥರ ಗಂಟೆ ಹೊಡೆಯುವ ತನಕ ದಬ್ಬಿದರೆ ನಾನು ಉಳಿದೆ ಎಂದುಕೊಂಡೆ.

ಆಗ ರೆನ್ ಮೇಡಂ ಕೂತಲ್ಲಿಂದಲೇ ಬಹಳ ಮೆತ್ತಗೆ ಹೇಳಿದರು. “ಚ್ಯಾವ್ ಟೀಚರ್, ನಿಮ್ಮ ಮುಂದಿನ ಬೆಂಚಿಗೆ ಮಾತ್ರ ಬಾಯಿ ಇದೆಯಾ? ಹಿಂದಿನವ್ರದ್ದೂ ಸ್ವಲ್ಪ ಕೇಳೋಣ.”

ಸರಿ ಮೇಡಂ ಎಂದೆ. ಮಾಡುವವನ ಜಾಗದಲ್ಲಿದ್ದ ಬೆಕ್ಕನ್ನು ತೆಗೆದು ‘ಐ’, ಅಂದರೆ ‘ನಾನು’, ಎಂದು ಬರೆದ ಚೀಟಿಯನ್ನು ಕೆಂಪು ಟೊಪ್ಪಿಗೆಗೆ ಅಂಟಿಸಿದೆ. ಈಗ ತಿನ್ನುವುದಕ್ಕೆ ಬಾಲ ಬೇಕೋ ಬೇಡವೋ, ಯಾರು ಹೇಳುತ್ತೀರಿ ಎಂದು ಅಭ್ಯಾಸದಂತೆ ನನ್ನ ಕೈಯನ್ನೂ ಎತ್ತಿ ತೋರಿಸಿ ಕೇಳಿದೆ. ಐವತ್ತಾರು ಮಕ್ಕಳೂ ಕೈ ಎತ್ತಿದರು.

ಅಂಥ ದೃಶ್ಯವನ್ನು ನಾನು ಮತ್ತೆಂದೂ ನೋಡಿಲ್ಲ. ಎಡ, ಬಲ, ಬಲ, ಎಡ. ಒಬ್ಬ ಎಡಗೈ ಎತ್ತಿದವನು ಪಕ್ಕದವನನ್ನು ನೋಡಿ ಬಲಕ್ಕೆ ಬದಲಿಸಿದ, ಪಕ್ಕದವನು ಅವನನ್ನು ನೋಡಿ ಎಡಕ್ಕೆ ಬದಲಿಸಿದ. ಒಬ್ಬಳು ಬಲಗೈ ಎತ್ತಿ ಎಡಗೈಯಿಂದ ಅದನ್ನು ಕೆಳಗೆ ಎಳೆಯುತ್ತಿದ್ದಳು. ಗೊತ್ತಿದ್ದವರು ಯಾರು, ಗೊತ್ತಿಲ್ಲದವರು ಯಾರು, ನಾನು ಕೇಳಿದ ಪ್ರಶ್ನೆ ಏನು, ಒಂದೂ ತಿಳಿಯದೆ ನಾನು ಕಣ್ಣು ಕಣ್ಣು ಬಿಟ್ಟೆ. ಅತ್ತ ದರಿ, ಇತ್ತ ಪುಲಿ. ಕಿಟಕಿಯಾಚೆ ನಿಂತಿದ್ದ ಪಾಂಗ್ ತಮ್ಮ ಎರಡೂ ಕೈಗಳಿಂದ ಏನೋ ಸನ್ನೆ ಮಾಡುತ್ತಿದ್ದರು, ಹದ್ದು ಓಡಿಸುವವರ ಹಾಗೆ.

“ಆ ಹುಡುಗಿ” ಎಂದರು ರೆನ್ ಮೇಡಂ, ಊರುಗೋಲಿನಿಂದ ತೋರಿಸಿ. “ಎರಡೂ ಕೈ ಎತ್ತಿದಾಳಲ್ಲ, ಅವಳು.”

ಯಿನ್‌ಹ್ವಾ. ಎರಡೂ ಕೈ ಮೇಲೆತ್ತಿ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕೂತಿದ್ದಳು. ಹೆಸರು ಕರೆದೆ. ಎದ್ದು ನಿಂತಳು. ಕೈಗಳು ಇನ್ನೂ ಮೇಲೆಯೇ ಇದ್ದವು. ಅವಳು ಟೊಪ್ಪಿಗೆಗಳನ್ನು ನೋಡಲಿಲ್ಲ, ಹಲಗೆಯನ್ನು ನೋಡಲಿಲ್ಲ, ನೇರವಾಗಿ ನನ್ನನ್ನೇ ನೋಡಿದಳು.

“ಟೀಚರ್” ಎಂದಳು, “ಇವತ್ತು ಯಾವ ಕೈ?”

ಹಿಂದಿನ ಬೆಂಚಿನಲ್ಲಿ ಒಬ್ಬ ಮೇಷ್ಟ್ರು ಕೆಮ್ಮಿದರು. ಇನ್ನೊಬ್ಬರೂ ಕೆಮ್ಮಿದರು. ಆಮೇಲೆ ಆ ಕೆಮ್ಮು ನಗೆಯೆಂದು ಗೊತ್ತಾಗಿ, ಮೂವತ್ತು ಜನರೂ ನೋಟುಬುಕ್ಕನ್ನು ಬಾಯಿಗೆ ಒತ್ತಿಕೊಂಡರು. ಅವರೆಲ್ಲ ಇದನ್ನೇ ಮಾಡಿದವರು, ನಾಳೆ ಮತ್ತೆ ಇದನ್ನೇ ಮಾಡುವವರು. ನನಗೆ ಯಿನ್‌ಹ್ವಾ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹದಿಮೂರು ವರ್ಷ ಕಟ್ಟಿದ್ದನ್ನು ಮೂರು ಮಾತಿನಲ್ಲಿ ಕೆಡವಿದಳಲ್ಲ, ಮುಂಡೇದು, ಎಂದುಕೊಂಡೆ. ಕೂತ್ಕೋ ಎನ್ನಲು ಬಾಯಿ ತೆರೆದೆ. ಆದರೆ ಅವಳ ಮುಖದಲ್ಲಿ ತಂಟೆ ಇರಲಿಲ್ಲ. ನನಗೆ ಒಳ್ಳೆಯದಾಗಲಿ ಎಂದೇ ಅವಳು ಕೇಳುತ್ತಿದ್ದಳು. ಯಾವ ಕೈ ಎತ್ತಿದರೆ ಟೀಚರಿಗೆ ಕೆಲಸ ಸಿಗುತ್ತದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು, ಅಷ್ಟೇ. ನನ್ನ ಸಿಟ್ಟು ಇಳಿದುಹೋಯಿತು.

“ಯಾವ ಕೈಯೂ ಬೇಡ” ಎಂದೆ. “ಗೊತ್ತಿಲ್ಲದೇ ಇರೋರು ಕೈ ಇಳಿಸಿ.”

ಅವರು ನಂಬಲಿಲ್ಲ. ಇದು ಯಾವ ಹೊಸ ಗುಟ್ಟೋ ಎಂದು ಒಬ್ಬರನ್ನೊಬ್ಬರು ನೋಡಿದರು. ಮೊದಲು ಯಿನ್‌ಹ್ವಾ ಒಂದು ಕೈ ಇಳಿಸಿದಳು, ಆಮೇಲೆ ಇನ್ನೊಂದು. ಅವಳ ಪಕ್ಕದವನು ಇಳಿಸಿದ. ಆಮೇಲೆ ಸಾಲು ಸಾಲಾಗಿ ಇಳಿದವು. ಕೊನೆಗೆ ನಾಲ್ಕು ಕೈ ಉಳಿದವು. ನಾನು ಐವತ್ತಾರರಲ್ಲಿ ಅರ್ಧದಷ್ಟಾದರೂ ಕಲಿತಿದ್ದಾರೆ ಎಂದುಕೊಂಡಿದ್ದೆ.

ನಿನಗೆ ಏನು ಗೊತ್ತಾಗಲಿಲ್ಲ ಹೇಳು ಎಂದು ಯಿನ್‌ಹ್ವಾಳನ್ನು ಕೇಳಿದೆ. ಈ ಪ್ರಶ್ನೆಯನ್ನು ಹದಿಮೂರು ವರ್ಷದಲ್ಲಿ ಯಾವ ಮಗುವಿಗೂ ಕೇಳಿದ ನೆನಪು ನನಗಿಲ್ಲ. ಅವಳು ಡೆಸ್ಕನ್ನು ಕೆರೆಯುತ್ತ ಹೇಳಿದಳು.

“ಬೆಕ್ಕು ಒಬ್ಬಂಟಿ, ಅದಕ್ಕೆ ಬಾಲ ಹಾಕಿದ್ರಿ. ನಾನೂ ಒಬ್ಬಳೇ ಅಲ್ವಾ ಟೀಚರ್? ನಾನ್ ತಿಂದ್ರೆ ಯಾಕೆ ಬಾಲ ಇಲ್ಲ?”

ಪುಸ್ತಕದಲ್ಲಿ ಏನು ಬರೆದಿದೆ ಎಂದು ನನಗೆ ಬಾಯಿಪಾಠ ಬರುತ್ತಿತ್ತು. ಬಾಲ ಮೂರನೆಯವರಿಗೆ, ನನಗೂ ನಿನಗೂ ಇಲ್ಲ. ಅದು ಏನು ಎಂಬುದಕ್ಕೆ ಉತ್ತರ. ಅವಳು ಕೇಳಿದ್ದು ಯಾಕೆ ಎಂದು. ಹಾಗೆ ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಯೋಚಿಸಿದೆ. ಕ್ಯಾಸೆಟ್ಟಿನ ಹೆಂಗಸನ್ನು ನೆನೆಸಿಕೊಂಡೆ, ಅವಳು ಗೊಳಗೊಳ ಎಂದಳು. ಆಗ ನೋಡಿದರೆ, ಪ್ರಶ್ನೆ ಕೇಳುವಾಗ ಎತ್ತಿದ್ದ ನನ್ನ ಕೈ ಇನ್ನೂ ಮೇಲೆಯೇ ಇತ್ತು. ನಾನು ಅದನ್ನು ಇಳಿಸಿದೆ.

ನನಗೂ ಗೊತ್ತಿಲ್ಲ ಎಂದೆ. ಹೇಳಿದ ಮೇಲೆ ಯಾಕೋ ಭಂಡ ಧೈರ್ಯ ಬಂತು. ಹಿಂದೆ ಕೂತ ಮೂವತ್ತು ಜನರ ಕಡೆ ತಿರುಗಿ, ನಮ್ಮ ಹುಡುಗಿ ಕೇಳಿದ್ದಕ್ಕೆ ನಿಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ದಯಮಾಡಿ ಹೇಳಿಕೊಡಿ ಎಂದೆ. ಮೂವತ್ತು ಜನ ಇಂಗ್ಲಿಷ್ ಮೇಷ್ಟ್ರುಗಳು. ನೋಟುಬುಕ್ಕು ಬಾಯಿಂದ ಇಳಿಯಿತು, ನಗೆ ನಿಂತಿತು, ಒಂದು ಕೈಯೂ ಏಳಲಿಲ್ಲ. ಆಮೇಲೆ ಮೂಲೆಯಲ್ಲಿ ರೆನ್ ಮೇಡಂ ಊರುಗೋಲನ್ನು ಗೋಡೆಗೆ ಆನಿಸಿ ನಿಧಾನವಾಗಿ ತಮ್ಮ ಎಡಗೈ ಎತ್ತಿದರು. ಮಕ್ಕಳೆಲ್ಲ ತಿರುಗಿ ನೋಡಿದರು.

ಹೇಳಿ ಮೇಡಂ ಎಂದೆ.

“ಹಳೇ ಲೆಕ್ಕದ ಎಡಗೈ, ಚ್ಯಾವ್ ಟೀಚರ್” ಎಂದರು. “ಮುಂದೆ ನಡೀಲಿ.”

ಮುಂದೆ ನಡೆಯಿತು. ಅಣೆಕಟ್ಟು ಒಡೆದ ಹಾಗೆ ಮಕ್ಕಳು ಕೇಳತೊಡಗಿದರು. ಬೆಕ್ಕಿನ ಮುಂದೆ ‘ದ’ ಇದೆ, ಮೀನಿಗೆ ಯಾಕಿಲ್ಲ? ಬೆಕ್ಕು ನಿನ್ನೆ ತಿಂದಿದ್ದರೆ ಬಾಲ ಎಲ್ಲಿಗೆ ಹೋಗುತ್ತದೆ? ಕೆಲಸವನ್ನೇ ಮಾಡದೆ ಸುಮ್ಮನೆ ಕೂತವನ ವಾಕ್ಯದಲ್ಲಿ ನೀಲಿ ಟೊಪ್ಪಿಗೆ ಯಾರಿಗೆ? ಕೆಲವಕ್ಕೆ ನನಗೆ ಉತ್ತರ ಬರುತ್ತಿತ್ತು, ಕೆಲವಕ್ಕೆ ಬರುತ್ತಿರಲಿಲ್ಲ. ಬಾರದವನ್ನು ಹಲಗೆಯ ಮೇಲೆ ಒಂದು ಕಡೆ ಬರೆಯುತ್ತ ಹೋದೆ. ತಪ್ಪು ಸಾಲಿನಲ್ಲಿ ನಿಂತ ಟೊಪ್ಪಿಗೆಗಳಿಂದ ಮೀನು ಬೆಕ್ಕನ್ನು ತಿಂದಿತು, ಮತ್ತೆ ನಿಲ್ಲಿಸಿದೆವು. ಗಂಟೆ ಹೊಡೆದಾಗ ಸೀಮೆಸುಣ್ಣ ನನ್ನ ಹಣೆಗೂ ಹತ್ತಿತ್ತು. ಅಷ್ಟು ಸಂತೋಷವಾಗಿ ನಾನು ಎಂದೂ ಪಾಠ ಮಾಡಿರಲಿಲ್ಲ. ಆ ಸಂತೋಷ ಬಾಗಿಲು ದಾಟುವ ತನಕ ಇತ್ತು. ಹೊರಗೆ ಪಾಂಗ್ ಮುಖ ನೋಡಿದೊಡನೆ, ಅಯ್ಯೋ, ನಾನೇನು ಮಾಡಿಕೊಂಡೆ ಎನಿಸಿತು.

ಅರ್ಧ ಗಂಟೆಯ ಮೇಲೆ ರೆನ್ ಮೇಡಂ ನನ್ನೊಬ್ಬಳನ್ನೇ ಆಫೀಸಿಗೆ ಕರೆದರು. ಮೇಜಿನ ಮೇಲೆ ಅಂಕಪಟ್ಟಿ ಇತ್ತು. ತುಂಬಿ ಆಗಿತ್ತು. ನಾನು ತಲೆಕೆಳಗಾಗಿಯೇ ಓದಿದೆ. ಪಾಠದ ಯೋಜನೆ ಅತ್ಯುತ್ತಮ. ಮಕ್ಕಳ ಭಾಗವಹಿಸುವಿಕೆ, ನೂರಕ್ಕೆ ನೂರು, ಎಲ್ಲರೂ ಕೈ ಎತ್ತಿದರು. ಪಾಠ ಮುಗಿದ ಸಮಯ, ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ಉಳಿದ ಸಮಯದಲ್ಲಿ ಟೀಚರ್ ಮಕ್ಕಳಿಗೆ ಶುಚಿತ್ವದ ಸೂಚನೆ ಕೊಟ್ಟರು.

ಮೇಡಂ, ಪಾಠ ಅಲ್ಲಿಗೆ ಮುಗಿಯಲಿಲ್ಲವಲ್ಲ ಎಂದೆ. ಇಪ್ಪತ್ತೆರಡು ನಿಮಿಷಕ್ಕೇ ಯಿನ್‌ಹ್ವಾ ಎದ್ದು ನಿಂತದ್ದು.

“ಅದರಾಚೆಗಿ‌ನದನ್ನ ನಾನು ಬರೆದ್ರೆ ನೀವು ಬೋಗುಣಿ ತಗೊಂಡು ಮನೆಗೆ ಹೋಗ್ಬೇಕು. ಟೀಚರಿಗೇ ಗೊತ್ತಿಲ್ಲ ಅನ್ನೋದಕ್ಕೆ ಇದರಲ್ಲಿ ಅಂಕ ಇಲ್ಲಮ್ಮ, ಕಳೆಯೋದು ಮಾತ್ರ ಇದೆ.” ಅವರು ಕನ್ನಡಕ ತೆಗೆದು ಒರೆಸಿದರು. “ನಾನೂ ಸಣ್ಣೋಳಿದ್ದಾಗ ಆ ಪ್ರಶ್ನೆ ಕೇಳಿದ್ದೆ. ಕೂತ್ಕೋ ಅಂದ್ರು. ಇವತ್ತಿನ ತನಕ ಕೂತೇ ಇದೀನಿ. ಕೆಳಗೆ ರುಜು ಹಾಕಿ.”

ಪೆನ್ನು ತೆಗೆದುಕೊಂಡೆ. ಖುಷಿಪಡಬೇಕೋ ನಾಚಿಕೊಳ್ಳಬೇಕೋ ತಿಳಿಯಲಿಲ್ಲ. ಸುಳ್ಳಿನ ಇಪ್ಪತ್ತೆರಡು ನಿಮಿಷ ನನ್ನನ್ನು ಖಾಯಂ ಮಾಡುತ್ತಿತ್ತು. ನಾನು ನಿಜವಾಗಿ ಟೀಚರಾಗಿದ್ದ ಹೊತ್ತು ಶುಚಿತ್ವದ ಸೂಚನೆಯಾಗಿತ್ತು. ರುಜು ಹಾಕದೆ ಕಾಗದವನ್ನು ಹಿಂದೆ ತಳ್ಳುವವರ ಕಥೆ ಕೇಳಿದ್ದೇನೆ. ನಾನು ಅಂಥವಳಲ್ಲ. ಹಾಕಿದೆ.

ಮಧ್ಯಾಹ್ನದ ಊಟಕ್ಕೆ ಮಕ್ಕಳೆಲ್ಲ ಹೋಗಿಯಾಗಿತ್ತು. ಗೇಟಿನ ಹತ್ತಿರ ಯಿನ್‌ಹ್ವಾ ಒಬ್ಬಳೇ ಗೋಡೆಗೆ ಒರಗಿ ನಿಂತಿದ್ದಳು. ಅತ್ತಿದ್ದಳೆಂದು ಮುಖ ಹೇಳುತ್ತಿತ್ತು. ಉಳಿದವರು ಅವಳನ್ನು ಬಿಟ್ಟಿರಲಿಲ್ಲ, ನಿನ್ನಿಂದಲೇ ಟೀಚರ್ ಹೋಗುತ್ತಾರೆ ಎಂದು ತರಗತಿಯಿಂದ ಗೇಟಿನ ತನಕ ಮೂದಲಿಸಿದ್ದರು.

“ಟೀಚರ್, ನನ್ನಿಂದ ನಿಮ್ಮ ಕೆಲಸ ಹೋಯ್ತಾ?”

ಹೋಗಲಿಲ್ಲ, ಸಿಕ್ಕಿತು ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ನೀನು ಕೇಳಿದ್ದು ಬಂದವರಿಗೆ ಕೇಳಿಸಲೇ ಇಲ್ಲವಂತೆ, ಕಾಗದದಲ್ಲಿ ಹಾಗೇ ಬರೆದಿದ್ದಾರೆ ಎಂದೆ.

ಅವಳು ಹುಬ್ಬು ಗಂಟು ಹಾಕಿ ಯೋಚಿಸಿದಳು. ಅಷ್ಟೆಲ್ಲ ಜನ ನಕ್ಕರಲ್ಲ, ಕೇಳಿಸದೆ ಹೇಗೆ ನಕ್ಕರು ಎಂದು ಅವಳಿಗೆ ಬಗೆಹರಿಯಲಿಲ್ಲ. ಆದರೆ ನಾನು ಹೇಳಿದೆನೆಂದು ನಂಬಿದಳು. ಮೂಗು ಒರೆಸಿಕೊಂಡಳು, ಮುಖ ಸ್ವಲ್ಪ ಗೆಲುವಾಯಿತು.

“ಹಾಗಾದ್ರೆ ಮುಂದಿನ ಸಲ ಅವ್ರು ಬಂದಾಗ ಜೋರಾಗಿ ಕೇಳ್ತೀನಿ ಟೀಚರ್.”

ಕೇಳು ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.